ಸಭೆಯ ಸಹೋದರ ಸಹೋದರಿಯರ ಗಮನಕ್ಕೆ

ಕರ್ತನಲ್ಲಿ ಪ್ರಿಯರೇ, ವಂದನೆಗಳು. ಕ್ವಾಯರ್ ವಿಷಯವಾಗಿ ನಿನ್ನೆ ರಾತ್ರಿ ಇಲ್ಲಿ ನಡೆದ ವಾದ ಇಷ್ಟಕ್ಕೇ ನಿಲ್ಲಲಿ. ಯಾರ ಮೇಲಾದರೂ ಬೇಸರವಿದ್ದರೆ ಮತ್ತಾಯ 18:15ರಲ್ಲಿ ಯೇಸುಸ್ವಾಮಿ ಹೇಳಿಕೊಟ್ಟಂತೆ ಅವರ ಬಳಿಗೇ ಹೋಗಿ, ಇಬ್ಬರೇ ಕೂತು ಮಾತಾಡಿ. ವಾಯ್ಸ್ ಮೆಸೇಜ್ ದಯವಿಟ್ಟು ಬೇಡ. ಫಾರ್ವರ್ಡ್ ಆಗುತ್ತಾ ಹೋದಂತೆ ನೋವು ಹೆಚ್ಚುತ್ತದೆ.

1999ರಲ್ಲಿ ಒಡಿಶಾದಲ್ಲಿ ಪತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು, ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ನಮ್ಮಲ್ಲಿ ಬಂದಿರುವುದು ಯಾವ ಸಾಲನ್ನು ಯಾರು ಹಾಡಬೇಕೆಂಬ ಮಾತು ಮಾತ್ರ. ಬಿಟ್ಟುಬಿಡೋಣ.

ಇನ್ನೊಂದು ವಿಷಯ: ಡಯಾಲಿಸಿಸ್ ಮಾಡಿಸುತ್ತಿರುವ ನಮ್ಮ ಸಭೆಯ ಅಜ್ಜಿಯ ಜೊತೆ ಗುರುವಾರ ಆಸ್ಪತ್ರೆಯಲ್ಲಿ ಕೂರಲು ಒಬ್ಬರು ಬೇಕು. ಒಂಟಿಯಾಗಿ ಕೂತು ಅವರು ಕುಗ್ಗಿಹೋಗಿದ್ದಾರೆ. ಹೋಗಬಲ್ಲವರು ಕೆಳಗೆ ಹೆಸರು ಹಾಕಿ.