ವಿಮಾನ ಪರಿಚಾರಕರ ಹವಾಮಾನ ಕಾಳಜಿ ನ್ಯಾಯವಾದುದು

ಮಾನ್ಯರೇ,

ಅಮೆರಿಕದ ವಿಮಾನ ಪರಿಚಾರಕರ ಸಂಘವು ವೇತನ, ವಿಶ್ರಾಂತಿಗಳ ಬೇಡಿಕೆಯ ಜೊತೆಗೆ ಹವಾಮಾನ ಬದಲಾವಣೆಯ ಬಗೆಗೂ ದನಿ ಎತ್ತುತ್ತಿರುವುದು ಕೆಲವರಿಗೆ ಅಸಂಗತವೆನಿಸಬಹುದು; ಆದರೆ ಅದು ನೌಕರರ ಸುರಕ್ಷತೆಯದೇ ಪ್ರಶ್ನೆ. ಉತ್ತರ ಅಟ್ಲಾಂಟಿಕ್ ವಾಯುಮಾರ್ಗದಲ್ಲಿ ನಿರಭ್ರ ಆಕಾಶದ ತೀವ್ರ ಪ್ರಕ್ಷುಬ್ಧತೆಯ ಅವಧಿ 1979ರಿಂದ 2020ರ ನಡುವೆ ಶೇ 55ರಷ್ಟು ಹೆಚ್ಚಿದೆಯೆಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತಿಳಿಸಿ, ಈ ಏರಿಕೆಯನ್ನು ಹವಾಮಾನ ಬದಲಾವಣೆಯೊಂದಿಗೆ ಜೋಡಿಸಿದ್ದಾರೆ. ಮೋಡವಿಲ್ಲದೆಡೆ ಏಳುವ ಈ ಕುಲುಕಾಟವನ್ನು ವಿಮಾನದ ಹವಾಮಾನ ರೇಡಾರ್ ಗುರುತಿಸಲಾರದು. ಪ್ರಯಾಣಿಕರು ಸೀಟ್‌ಬೆಲ್ಟ್ ಬಿಗಿದು ಕುಳಿತಿರುವಾಗ ನಡುಹಾದಿಯಲ್ಲಿ ಭಾರದ ಗಾಡಿ ತಳ್ಳುತ್ತ ನಿಂತಿರುವವರು ಪರಿಚಾರಕರೇ. ಪಾಳಿಗಳ ನಡುವಿನ ಕನಿಷ್ಠ ವಿಶ್ರಾಂತಿಯನ್ನು 9ರಿಂದ 10 ಗಂಟೆಗೆ ಏರಿಸಲು ಅಮೆರಿಕದ ಸಂಸತ್ತು 2018ರಲ್ಲೇ ಆದೇಶಿಸಿದ್ದರೂ ನಿಯಮ ಅಂತಿಮಗೊಂಡದ್ದು 2022ರಲ್ಲಿ. ಹವಾಮಾನದ ವಿಷಯದಲ್ಲಿಯೂ ಅವರನ್ನು ಹಾಗೆಯೇ ಕಾಯಿಸುವುದು ಅನ್ಯಾಯ. ಇಂಗಾಲ ತಗ್ಗಿಸುವ ಯೋಜನೆಗಳ ಮಾತುಕತೆಯಲ್ಲಿ ವಿಮಾನಯಾನ ಸಂಸ್ಥೆಗಳು ಸಂಘದ ಪ್ರತಿನಿಧಿಗಳಿಗೂ ಸ್ಥಾನ ನೀಡಬೇಕು.

– ಓರ್ವ ಓದುಗ