ಬೇಲೂರು–ಹಳೇಬೀಡು ಒಂದು ದಿನದ ಪ್ರವಾಸ: ಇನ್ನು ಮುಂದೆ ಎರಡೇ ಊರು

ಆತ್ಮೀಯ ಪ್ರವಾಸಿಗರೇ,

ನಮಸ್ಕಾರ. ಬೆಂಗಳೂರಿನಿಂದ ಹೊರಡುವ ನಮ್ಮ ಒಂದು ದಿನದ ಪ್ರವಾಸದಲ್ಲಿ ಇಲ್ಲಿಯವರೆಗೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರೂ ಇದ್ದವು. ಬರುವ ತಿಂಗಳ ಮೊದಲ ಶನಿವಾರದಿಂದ ಬೇಲೂರು ಮತ್ತು ಹಳೇಬೀಡು ಮಾತ್ರ ಇರುತ್ತವೆ. ಶ್ರವಣಬೆಳಗೊಳಕ್ಕೆ ಬೇರೆಯದೇ ಒಂದು ದಿನ ಇಟ್ಟಿದ್ದೇವೆ. ದರ ಮೊದಲಿನಷ್ಟೇ. ಈಗಾಗಲೇ ಸೀಟು ಬುಕ್ ಮಾಡಿದವರು ಏನು ಮಾಡಬೇಕು ಅನ್ನೋದನ್ನು ಕೊನೆಯಲ್ಲಿ ಬರೆದಿದ್ದೇವೆ. ಅವಸರವಿದ್ದರೆ ನೇರ ಅಲ್ಲಿಗೇ ಹೋಗಿ. ಪುರುಸೊತ್ತಿದ್ದರೆ ಯಾಕೆ ಹೀಗೆ ಮಾಡಿದೆವು ಅನ್ನೋದನ್ನೂ ಓದಿ.

ಮೂರು ಊರಿನ ದಿನ ಹೇಗಿರುತ್ತಿತ್ತು ಅಂತ ಬಂದವರಿಗೆ ಗೊತ್ತು. ನಸುಕಿನಲ್ಲಿ ಹೊರಟು, ಚನ್ನರಾಯಪಟ್ಟಣದಲ್ಲಿ ಒಳಗೆ ತಿರುಗಿ, ಎಂಟೂವರೆಗೆ ಬೆಳಗೊಳ. ಅಲ್ಲಿ ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯಬೇಕು. ವಯಸ್ಸಾದವರು, ಮಕ್ಕಳು ಇದ್ದರೆ ಎರಡು ಗಂಟೆ ಬೇಕೇ ಬೇಕು. ಅಲ್ಲಿಂದ ಬೇಲೂರು ತಲುಪುವ ಹೊತ್ತಿಗೆ ನಡುಮಧ್ಯಾಹ್ನ. ಚೆನ್ನಕೇಶವನಿಗೆ ಇಂದಿಗೂ ದಿನಪೂಜೆ ನಡೆಯುತ್ತದೆ, ಹಾಗಾಗಿ ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಹೊರಗೆ ಅಂಗಳದ ಚಪ್ಪಡಿ ಕಲ್ಲು ಕಾದು ಕಾಲಿಡೋಕೆ ಆಗುವುದಿಲ್ಲ. ಗೋಡೆ ನೋಡಬೇಕಾದ ಜನ ನೆರಳು ಹುಡುಕುತ್ತಾರೆ. ಊಟ ಮುಗಿಸಿ ಹಳೇಬೀಡಿಗೆ ಹೋದರೆ ಚಳಿಗಾಲದಲ್ಲಿ ಬೆಳಕು ಆಗಲೇ ಇಳಿಯುತ್ತಿರುತ್ತದೆ. ಅಷ್ಟರಲ್ಲಿ ಡ್ರೈವರ್ ಗಡಿಯಾರ ನೋಡೋಕೆ ಶುರು ಮಾಡುತ್ತಾರೆ. ಅವರು ಹಾಗೆ ನೋಡಲೇಬೇಕು, ರಾತ್ರಿ ಇನ್ನೂರು ಕಿಲೋಮೀಟರ್ ಓಡಿಸಬೇಕಲ್ಲ.

ನಮ್ಮದು ಡ್ರೈವರ್‌ಗಳೂ ಗೈಡ್‌ಗಳೂ ಸೇರಿ ಕಟ್ಟಿಕೊಂಡ ಸಂಘ. ಈ ಬದಲಾವಣೆ ಬೇಕು ಅಂತ ಮೊದಲು ಕೇಳಿದವರೇ ಗೈಡ್‌ಗಳು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆಮೇಲೆ ನಮ್ಮ ಗಾಡಿ ಹತ್ತುವವರ ಪ್ರಶ್ನೆಗಳೇ ಬದಲಾಗಿವೆ. ಮೊದಲು ಯಾವ ದೇವರು, ಯಾವ ರಾಜ ಅಂತ ಕೇಳುತ್ತಿದ್ದರು. ಈಗ ಈ ಕಲ್ಲು ಯಾವುದು, ಎಲ್ಲಿಂದ ತಂದರು, ಕೆತ್ತಿದವರು ಯಾರು, ಗೋಪುರ ಯಾಕಿಲ್ಲ ಅಂತ ಕೇಳುತ್ತಾರೆ. ಅಷ್ಟು ಆಸೆಯಿಂದ ಕೇಳುವವರಿಗೆ ನಡೆಯುತ್ತಲೇ ಒಂದು ಮಾತು ಹೇಳಿ ಮುಂದೆ ಕರೆದುಕೊಂಡು ಹೋಗೋದು ನಮಗೆ ಸರಿ ಕಾಣುವುದಿಲ್ಲ.

ಬೇಲೂರನ್ನೇ ತೆಗೆದುಕೊಳ್ಳಿ. ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಮಾಡಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ನೋಡೋಕೆ ಎಲ್ಲರೂ ಕತ್ತು ಎತ್ತುತ್ತಾರೆ. ಕನ್ನಡಿ ಹಿಡಿದವಳು, ಗಿಳಿಯ ಜೊತೆ ಮಾತಾಡುವವಳು, ಬಿಲ್ಲು ಹಿಡಿದ ಬೇಟೆಗಾರ್ತಿ. ಫೋಟೋ ತೆಗೆಯೋದೂ ಇವರನ್ನೇ. ಆದರೆ ಹಲವು ಶಿಲ್ಪಗಳ ಕಾಲಡಿಯ ಪೀಠದ ಮೇಲೆ ಹಳಗನ್ನಡದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಊರು. ಅಪ್ಪ, ಮಗ ಅಲ್ಲಿಂದ ಕೆಲಸಕ್ಕೆ ಬಂದು, ತಮ್ಮ ಹೆಸರು, ಊರು, ಬಿರುದು ಎಲ್ಲ ಬರೆದಿಟ್ಟು ಹೋಗಿದ್ದಾರೆ. ಆ ಅಕ್ಷರಗಳನ್ನು ಗೈಡ್ ಬೆರಳು ತೋರಿಸಿ ಓದಿ ಹೇಳಬೇಕು. ನಿಮ್ಮ ಕಣ್ಣು ಆ ಲಿಪಿಗೆ ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಒಂದೆರಡು ಅಕ್ಷರ ನಿಮಗೇ ಗುರುತು ಸಿಕ್ಕಿತು ಅಂದರೆ ಆ ಖುಷಿಯೇ ಬೇರೆ.

ಇಲ್ಲಿ ಒಂದು ಮಾತು. ಜಕಣಾಚಾರಿಯ ಕಥೆ, ಕಲ್ಲಿನೊಳಗಿನ ಕಪ್ಪೆಯ ಕಥೆ ನಮ್ಮ ಗೈಡ್‌ಗಳು ಹೇಳೇ ಹೇಳುತ್ತಾರೆ. ಅದನ್ನು ಬಿಡೋಕೆ ಆಗುತ್ತಾ? ಆದರೆ ಕಥೆಯನ್ನು ಕಥೆ ಅಂತಲೇ ಹೇಳುತ್ತಾರೆ, ಶಾಸನದ ಮಾತನ್ನು ಶಾಸನದ್ದು ಅಂತ ಹೇಳುತ್ತಾರೆ. ಎರಡನ್ನೂ ಬೇರೆ ಬೇರೆ ಹೇಳೋಕೆ ಜಾಸ್ತಿ ಸಮಯ ಬೇಕು. ಅದೇ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ವಿಷ್ಣುವರ್ಧನನ ರಾಣಿ ಶಾಂತಲಾದೇವಿ ಕಟ್ಟಿಸಿದ್ದು ಅನ್ನೋದು ಆ ಕಥೆಯ ಗದ್ದಲದಲ್ಲಿ ಎಷ್ಟೋ ಸಲ ಮುಚ್ಚಿಹೋಗುತ್ತದೆ. ಇನ್ನು ಮುಂದೆ ಆ ಗುಡಿಗೂ ಹೋಗುತ್ತೇವೆ.

ಒಳಗಿನ ನವರಂಗಕ್ಕೂ ಈಗ ಬಿಡುವಿದೆ. ಮೊದಲು ಈ ಮಂಟಪ ಸುತ್ತಲೂ ತೆರೆದೇ ಇತ್ತು. ಕಿಂಡಿ ಕಿಂಡಿಯಾಗಿ ಕೊರೆದ ಜಾಲಂಧ್ರಗಳನ್ನು ಕೂಡಿಸಿದ್ದು ಆಮೇಲೆ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹಾಗಾಗಿ ಒಳಗೆ ಕತ್ತಲು. ಬಿಸಿಲಿನಿಂದ ಬಂದವರಿಗೆ ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಸುಮ್ನೆ ನಿಂತಿರಿ. ನಿಧಾನಕ್ಕೆ ಕಂಬಗಳು ಕಾಣುತ್ತವೆ. ಒಂದರಂತೆ ಇನ್ನೊಂದಿಲ್ಲ. ಕೆಲವು ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದಿದ್ದಾರೆ, ಅಂಚಿನ ಬಳೆಗಳು ಅಷ್ಟು ನೇರ, ಅಷ್ಟು ತೆಳು. ಬಳಪದ ಕಲ್ಲಿನಿಂದಲೇ ಇದೆಲ್ಲ ಸಾಧ್ಯವಾಗಿದ್ದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಬರುಬರುತ್ತಾ ಗಟ್ಟಿಯಾಗುತ್ತದೆ. ತಲೆ ಎತ್ತಿದರೆ ನಡುಮಾಡಿನ ಭುವನೇಶ್ವರಿ, ಅಂದರೆ ಗುಮ್ಮಟದ ಹಾಗೆ ಕೆತ್ತಿದ ಒಳಚಾವಣಿ. ಇದನ್ನೆಲ್ಲ ಟಾರ್ಚ್ ಬಿಟ್ಟು ತೋರಿಸೋಕೆ ಬೇಲೂರಿಗೆ ಮೂರು ಗಂಟೆ ಇಟ್ಟಿದ್ದೇವೆ.

ಹಳೇಬೀಡನ್ನು ಮೊದಲು ನೋಡಿ ಆಮೇಲೆ ಬೇಲೂರಿಗೆ ಹೋಗಬಹುದಲ್ವಾ ಅಂತ ಕೆಲವರು ಕೇಳಿದ್ದಾರೆ. ಎರಡಕ್ಕೂ ನಡುವೆ ಹದಿನಾರೇ ಕಿಲೋಮೀಟರ್, ದಾರಿಯ ತೊಂದರೆ ಏನಿಲ್ಲ. ಆದರೂ ಹಳೇಬೀಡನ್ನು ಮಧ್ಯಾಹ್ನಕ್ಕೇ ಇಟ್ಟಿದ್ದೇವೆ, ಬಿಸಿಲಿನ ಸಲುವಾಗಿ. ಹೊಯ್ಸಳೇಶ್ವರ ದೇವಸ್ಥಾನದ ಎರಡು ಗರ್ಭಗುಡಿಗಳೂ ಪೂರ್ವಕ್ಕೆ ಮುಖ ಮಾಡಿವೆ. ಅದರ ಒಳ್ಳೊಳ್ಳೆಯ ಶಿಲ್ಪಗಳೆಲ್ಲ ಇರೋದು ಹಿಂಬದಿಯ ಗೋಡೆಯಲ್ಲಿ, ಪಶ್ಚಿಮಕ್ಕೆ. ಬೆಳಿಗ್ಗೆ ಆ ಗೋಡೆ ನೆರಳಿನಲ್ಲಿರುತ್ತದೆ. ಮೂರು ಗಂಟೆಯ ಮೇಲೆ ಬಿಸಿಲು ಓರೆಯಾಗಿ ಬೀಳೋಕೆ ಶುರುವಾದರೆ ಪ್ರತಿ ಒಡವೆಯ ಅಂಚು, ಪ್ರತಿ ಬೆರಳು ಬೇರೆಯಾಗಿ ಎದ್ದು ಬರುತ್ತದೆ. ಫೋಟೋ ತೆಗೆಯುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಆ ಗೋಡೆಯನ್ನು ಕೆಳಗಿನಿಂದ ಓದಬೇಕು. ಮೊದಲು ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ಕಣ್ಣಿನ ಮಟ್ಟಕ್ಕೆ ಹತ್ತಿರದಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಆಮೇಲೆ ಮಕರ, ಹಂಸ. ಅವೆಲ್ಲದರ ಮೇಲೆ ದೊಡ್ಡ ದೇವರ ಮೂರ್ತಿಗಳು. ಜನ ದೊಡ್ಡ ಮೂರ್ತಿಗಳನ್ನೇ ನೋಡುತ್ತಾ ಬೇಗ ಬೇಗ ಸುತ್ತು ಮುಗಿಸುತ್ತಾರೆ. ನಮ್ಮ ಗೈಡ್‌ಗಳಿಗೆ ಕಥೆಯ ಪಟ್ಟಿಕೆಯ ಮೇಲೆ ಪ್ರೀತಿ ಜಾಸ್ತಿ. ಅಂಗೈ ಅಗಲದ ಜಾಗದಲ್ಲಿ ಚಕ್ರವ್ಯೂಹವನ್ನು ಸುರುಳಿಯಾಗಿ ಕೆತ್ತಿದ್ದಾರೆ, ಒಳಗೆ ಸಿಕ್ಕಿಕೊಂಡ ಅಭಿಮನ್ಯು. ಗೊತ್ತಿಲ್ಲದಿದ್ದರೆ ಅದರ ಮುಂದೆಯೇ ನಡೆದು ಹೋಗಿಬಿಡುತ್ತೀರಿ. ಮೇಲಿನ ಸಾಲಿನಲ್ಲಿ ಕೈಲಾಸವನ್ನು ಎತ್ತುವ ರಾವಣನ ಎದುರು ಸ್ವಲ್ಪ ನಿಲ್ಲಿ. ಬೆಟ್ಟವನ್ನು ಅಂತಸ್ತು ಅಂತಸ್ತಾಗಿ ಮಾಡಿ, ಅದರೊಳಗೆ ಪ್ರಾಣಿಗಳು, ಗಣಗಳು, ಮೇಲೆ ಶಿವ ಪಾರ್ವತಿ. ನಮ್ಮ ಮಟ್ಟಿಗೆ ಇಡೀ ದಿನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ದೇವಸ್ಥಾನದ ದಕ್ಷಿಣಕ್ಕೆ ಒಂದು ಕಂಬ ಇದೆ. ತುಂಬಾ ಜನ ಅದನ್ನು ನೋಡುವುದೇ ಇಲ್ಲ. ಇಮ್ಮಡಿ ಬಲ್ಲಾಳನ ಅಂಗರಕ್ಷಕನೂ ಸೇನಾನಿಯೂ ಆಗಿದ್ದ ಕುವರ ಲಕ್ಷ್ಮನ ಗರುಡಗಂಬ ಅದು. 1220ರಲ್ಲಿ ರಾಜ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ, ಅವನ ಗರುಡರು, ಅಂದರೆ ಒಡೆಯನ ಜೊತೆಗೇ ಸಾಯುತ್ತೇವೆ ಅಂತ ಮಾತು ಕೊಟ್ಟ ಕಾವಲು ವೀರರು, ಜೀವ ಬಿಟ್ಟರು. ರಾಜನಿಗೆ ಕೊಟ್ಟ ಮಾತಿನಂತೆ ನಡೆದುಕೊಂಡರು. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರ ಚಿತ್ರಗಳಿವೆ. ಅಷ್ಟು ಸೊಬಗಿನ ಗೋಡೆ ನೋಡಿದ ಮೇಲೆ ಇದನ್ನು ನೋಡೋದು ಕಷ್ಟ. ಆದರೂ ಆ ಕಾಲ ಹೇಗಿತ್ತು ಅಂತ ತಿಳಿಯಬೇಕು ಅಂದರೆ ಇದನ್ನು ಬಿಡಬಾರದು. ಮಕ್ಕಳು ಜೊತೆಗಿದ್ದರೆ ಎಷ್ಟು ಹೇಳಬೇಕು ಅಂತ ಗೈಡ್‌ಗೆ ಮೊದಲೇ ತಿಳಿಸಿ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಬಸ್ತಿಹಳ್ಳಿಯ ಜೈನ ಬಸದಿಗಳು. ಹೊಸ ಸೇರ್ಪಡೆಗಳಲ್ಲಿ ನಮಗೆ ಹೆಚ್ಚು ಹೆಮ್ಮೆ ಇರೋದು ಇದರ ಬಗ್ಗೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ಅನ್ನುವವನು ತನ್ನ ತಂದೆ, ವಿಷ್ಣುವರ್ಧನನ ಸೇನಾನಿ ಗಂಗರಾಜನ ನೆನಪಿಗೆ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ರಾಜ ವಿಷ್ಣುವರ್ಧನನಿಗೆ ತಲುಪಿದ ಹೊತ್ತಿಗೇ ಯುದ್ಧ ಗೆದ್ದದ್ದೂ ಆಗಿತ್ತು, ಮಗ ಹುಟ್ಟಿದ್ದೂ ಆಗಿತ್ತು. ಆ ಸಂತೋಷಕ್ಕೆ ದೇವರಿಗೆ ವಿಜಯ ಪಾರ್ಶ್ವ ಅಂತ, ಮಗುವಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟರು. ಒಳಗಿನ ಕಂಬಗಳನ್ನು ಕನ್ನಡಿಯ ಹಾಗೆ ನಯ ಮಾಡಿದ್ದಾರೆ. ಹತ್ತಿರ ನಿಂತರೆ ನಿಮ್ಮ ಆಕಾರ ಅದರಲ್ಲಿ ಕಾಣುತ್ತದೆ. ಕೇದಾರೇಶ್ವರ ಗುಡಿಯೂ ಅಲ್ಲೇ ಹತ್ತಿರ, ಅದನ್ನೂ ನೋಡಿ ಬರುತ್ತೇವೆ. ಆವರಣದ ಮ್ಯೂಸಿಯಂಗೆ ಶುಕ್ರವಾರ ರಜೆ. ನಮ್ಮ ಪ್ರವಾಸ ಶನಿವಾರ, ಭಾನುವಾರ ಆದ್ದರಿಂದ ಅದೂ ಸಿಗುತ್ತದೆ.

ಹಾಗಾದರೆ ಗೊಮ್ಮಟ? ಅವನನ್ನು ಬಿಟ್ಟಿಲ್ಲ, ಅವನಿಗೆ ಒಂದು ಇಡೀ ದಿನ ಕೊಟ್ಟಿದ್ದೇವೆ. ತಿಂಗಳಿಗೆ ಎರಡು ಭಾನುವಾರ ಶ್ರವಣಬೆಳಗೊಳಕ್ಕೇ ಹೊರಡುತ್ತೇವೆ. ಬಂಡೆ ಕಾಯುವ ಮೊದಲೇ ವಿಂಧ್ಯಗಿರಿ ಹತ್ತಿ ಇಳಿಯಬಹುದು. ಮೂರ್ತಿಯ ಪಾದದ ಹತ್ತಿರ ಚಾವುಂಡರಾಯ ಮಾಡಿಸಿದ ಅನ್ನುವ ಕನ್ನಡದ ಸಾಲನ್ನು ನಿಂತು ಓದಬಹುದು. ತಿಂಡಿ ಆದಮೇಲೆ ಎದುರಿನ ಚಂದ್ರಗಿರಿ. ಮೂರು ಊರಿನ ಪ್ರವಾಸದಲ್ಲಿ ಅದನ್ನು ಕೆಳಗಿನಿಂದ ತೋರಿಸೋಕೆ ಮಾತ್ರ ಆಗುತ್ತಿತ್ತು. ಅದು ಸಣ್ಣ ಬೆಟ್ಟ, ಮೆಟ್ಟಿಲೂ ಕಡಿಮೆ. ಆದರೆ ಬಸದಿಗಳು, ಶಾಸನಗಳು ಅಲ್ಲಿ ತುಂಬಿಕೊಂಡಿವೆ. ಚಂದ್ರಗುಪ್ತ ಬಸದಿಯಲ್ಲಿ ಜೈನ ಮುನಿ ಭದ್ರಬಾಹು ಮತ್ತು ಮೌರ್ಯ ರಾಜ ಚಂದ್ರಗುಪ್ತರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೊರೆದ ಕಲ್ಲಿನ ಜಾಲಂಧ್ರ ಇದೆ. ಅದರ ಮೇಲೂ ದಾಸೋಜ ಅನ್ನುವ ಹೆಸರಿದೆ. ಬೇಲೂರು ನೋಡಿದವರು ಇದನ್ನೂ ನೋಡಲೇಬೇಕು.

ಸೋಮನಾಥಪುರವನ್ನೂ ಇದೇ ದಿನಕ್ಕೆ ಸೇರಿಸಿ ಅನ್ನುವ ಕೋರಿಕೆ ಆಗಾಗ ಬರುತ್ತದೆ. ಅದಿರೋದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ದಾರಿಯೇ ಬೇರೆ. ಒಂದೇ ದಿನಕ್ಕೆ ಸೇರಿಸುವ ಯೋಚನೆ ನಮಗಿಲ್ಲ.

ಒಂದು ಊರು ಕಡಿಮೆಯಾದರೂ ದರ ಯಾಕೆ ಅಷ್ಟೇ ಅಂತ ನೀವು ಕೇಳಬಹುದು, ಕೇಳಲೇಬೇಕು. ಬೆಳಗೊಳ ಹಾಸನದ ದಾರಿಗೆ ಹತ್ತಿರವೇ ಇದೆ. ಅದನ್ನು ಬಿಟ್ಟರೆ ಡೀಸೆಲ್‌ನಲ್ಲಿ ಉಳಿಯೋದು ಸ್ವಲ್ಪ. ಇನ್ನೊಂದು ಕಡೆ ಗೈಡ್‌ಗಳ ಕೆಲಸದ ಹೊತ್ತು ಹೆಚ್ಚಾಗಿದೆ, ಅದಕ್ಕೆ ತಕ್ಕ ಕೂಲಿ ಅವರಿಗೆ ಸಿಗಬೇಕು. ಬೇಲೂರಿನ ಮಧ್ಯಾಹ್ನದ ಊಟವನ್ನೂ ಈಗ ದರದಲ್ಲೇ ಸೇರಿಸಿದ್ದೇವೆ. ಒಂದು ಟಿಟಿಗೆ (ಟೆಂಪೊ ಟ್ರಾವೆಲರ್ ಗಾಡಿಗೆ) ಹನ್ನೆರಡು ಜನ, ಒಬ್ಬರು ಗೈಡ್. ಅದರಲ್ಲಿ ಬದಲಾವಣೆ ಇಲ್ಲ. ಹನ್ನೆರಡಕ್ಕಿಂತ ಜಾಸ್ತಿ ಜನರಾದರೆ ಗೋಡೆ ನೋಡುವಾಗ ಹಿಂದಿನ ಸಾಲಿನಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ.

ಹೊಸ ದಿನಚರಿ ಹೀಗಿದೆ. ಬೆಳಿಗ್ಗೆ 5 ಗಂಟೆಗೆ ಗೊರಗುಂಟೆಪಾಳ್ಯದಿಂದ ಹೊರಡುತ್ತೇವೆ. ಯಡಿಯೂರು ದಾಟಿದ ಮೇಲೆ ತಿಂಡಿ. 9.30ರ ಹೊತ್ತಿಗೆ ಬೇಲೂರು, 12.30ಕ್ಕೆ ಅಲ್ಲೇ ಊಟ. ಊಟವಾದ ಮೇಲೆ ಸ್ವಲ್ಪ ಕೂರೋಕೂ ಬಿಡುವಿದೆ. 2.30ಕ್ಕೆ ಹಳೇಬೀಡು, ಸಂಜೆ 5.30ರವರೆಗೆ. ರಾತ್ರಿ ಹತ್ತರ ಆಸುಪಾಸಿಗೆ ಬೆಂಗಳೂರು. ವಾರದ ಕೊನೆಯಲ್ಲಿ ನೆಲಮಂಗಲದ ಹತ್ತಿರ ಗಾಡಿಗಳು ನಿಂತುಬಿಟ್ಟರೆ ಇನ್ನೂ ಅರ್ಧ ಗಂಟೆ ಆಗಬಹುದು. ಅದನ್ನು ಲೆಕ್ಕ ಹಾಕಿಯೇ ಮನೆಗೆ ಹೋಗುವ ಆಟೋ, ಕ್ಯಾಬ್ ಗೊತ್ತು ಮಾಡಿಕೊಳ್ಳಿ. ದೇವಸ್ಥಾನದ ಅಂಗಳದಲ್ಲಿ ಚಪ್ಪಲಿ ಹಾಕೋ ಹಾಗಿಲ್ಲ, ದಪ್ಪ ಕಾಲುಚೀಲ ತನ್ನಿ. ಒಂದು ಟೋಪಿ, ನೀರಿನ ಬಾಟಲಿ ಇರಲಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದನ್ನೂ ತನ್ನಿ, ಮದನಿಕೆಯರನ್ನು ನೋಡೋಕೆ ತುಂಬಾ ಅನುಕೂಲ.

ಈಗಾಗಲೇ ಮೂರು ಊರಿನ ಪ್ರವಾಸಕ್ಕೆ ದುಡ್ಡು ಕಟ್ಟಿದವರಿಗೆ ಮೂರು ದಾರಿ ಇದೆ. ಅದೇ ದಿನ, ಅದೇ ಸೀಟಿನಲ್ಲಿ ಹೊಸ ಪ್ರವಾಸಕ್ಕೆ ಬರಬಹುದು. ಬೆಳಗೊಳವೇ ಬೇಕು ಅನ್ನುವವರು ಭಾನುವಾರದ ಪ್ರವಾಸಕ್ಕೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಎರಡೂ ಬೇಡ ಅಂದರೆ ಪೂರ್ತಿ ಹಣ ವಾಪಸ್. ದೂರದ ಊರಿನಿಂದ ಬಂದು, ರಜೆಯಲ್ಲಿ ಒಂದೇ ದಿನ ಸಿಕ್ಕಿ, ಮೂರನ್ನೂ ನೋಡಲೇಬೇಕು ಅನ್ನುವ ಕುಟುಂಬಗಳಿದ್ದರೆ ಇಡೀ ಗಾಡಿಯನ್ನು ನಿಮಗೇ ಗೊತ್ತು ಮಾಡಿಕೊಡುತ್ತೇವೆ. ಆಗ ಹಾಸನದಲ್ಲಿ ಒಂದು ರಾತ್ರಿ ಉಳಿಯೋಕೆ ಆಗುತ್ತಾ ಅಂತ ಖಂಡಿತ ಕೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಬುಕಿಂಗ್ ಬದಲಾಯಿಸಬೇಕಾದವರು ಹೊರಡುವ ದಿನಕ್ಕೆ ಒಂದು ವಾರ ಮೊದಲು ನಮ್ಮ ಮಾಮೂಲಿ ನಂಬರಿಗೆ ಫೋನ್ ಮಾಡಿ ಅಥವಾ ವಾಟ್ಸ್ಆ್ಯಪ್ ಹಾಕಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರಾದರೂ ಇರುತ್ತೇವೆ. ಮೆಟ್ಟಿಲು ಹತ್ತೋಕೆ ಕಷ್ಟ ಇರುವ ಹಿರಿಯರು ಜೊತೆಗಿದ್ದರೆ ಅದನ್ನೂ ಆಗಲೇ ತಿಳಿಸಿ, ಮುಂದಿನ ಸೀಟು ಅವರಿಗೆ ಇಡುತ್ತೇವೆ.

ಇಂತಿ,
ಸಂಘದ ಎಲ್ಲ ಡ್ರೈವರ್‌ಗಳು ಮತ್ತು ಗೈಡ್‌ಗಳ ಪರವಾಗಿ,
ಕಾರ್ಯದರ್ಶಿ