ತಗಡಿನ ಟ್ರಂಕಿಗೂ ಮುಂಬಯಿಯಲ್ಲಿ ಒಂದು ಜಾಗ ಬೇಕು: ರಾತ್ರಿ ಶಾಲೆಯ ಹಳೆ ವಿದ್ಯಾರ್ಥಿಗಳ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಇದು ದುಡ್ಡು ಕೇಳುವ ಪತ್ರ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು. ನಮ್ಮ ಹಾಗೆ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದ ಹುಡುಗರ ಟ್ರಂಕು, ಹಳೆ ಸಾಮಾನುಗಳನ್ನು ಇಡುವ ಒಂದು ಸಣ್ಣ ಮ್ಯೂಸಿಯಂ ಕೋಣೆಗೆ ನಮಗೆ 9 ಲಕ್ಷ ರೂಪಾಯಿ ಬೇಕು. ಅದರಲ್ಲಿ 2 ಲಕ್ಷ 18 ಸಾವಿರ ಈಗಾಗಲೇ ಕೈಯಲ್ಲಿದೆ. ಉಳಿದದ್ದು ಯಾಕೆ ಬೇಕು ಅಂತ ಹೇಳುವುದಕ್ಕೆ ಸ್ವಲ್ಪ ಸುತ್ತು ಬಳಸಬೇಕಾಗುತ್ತದೆ. ಪುರುಸೊತ್ತು ಇದ್ದಾಗ ಓದಿ.

ನಾನು 1974ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಆಗ ನನಗೆ 13 ವರ್ಷ. ಹಗಲು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ 7 ಗಂಟೆಗೆ ಕನ್ನಡ ರಾತ್ರಿ ಶಾಲೆ. ಶಾಲೆ ಮುಗಿಸಿ ಬಂದರೆ ಒರೆಸಿದ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ನನ್ನ ಆಸ್ತಿ ಅಂದರೆ ಒಂದು ತಗಡಿನ ಟ್ರಂಕು. ನನ್ನ ಹಾಗೆ ಬಂದ ಸಾವಿರಾರು ಹುಡುಗರದ್ದೂ ಅದೇ ಕಥೆ. ಅವರಲ್ಲಿ ಕೆಲವರು ಮುಂದೆ ವಕೀಲರಾದರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆದರು, ಸ್ವಂತ ಹೋಟೆಲ್ ಮಾಡಿದರು. ಕೆಲವರು ಏನೂ ಆಗದೆ ಊರಿಗೆ ಹೋದರು. ಅವರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಈಗ ನಮ್ಮ ರಾತ್ರಿ ಶಾಲೆಗೆ ಬರುವವರು ಕಡಿಮೆ. ಬರುವವರಲ್ಲೂ ಕರಾವಳಿಯವರಿಗಿಂತ ಉತ್ತರ ಕರ್ನಾಟಕದವರೇ ಜಾಸ್ತಿ. ವರ್ಷಕ್ಕೆ ಎರಡು ಭಾನುವಾರ ಅವರನ್ನು ಕರೆದುಕೊಂಡು ಮ್ಯೂಸಿಯಂ ನೋಡಲು ಹೋಗುತ್ತೇವೆ. ಹೋದ ವರ್ಷ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆವು. ನಮ್ಮ ಕಾಲದವರಿಗೆ ಅದು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯಿಂದ ಬಂದ ಕಲ್ಲಿನ ಚಪ್ಪಡಿಗಳು ಅಲ್ಲಿವೆ. ಒಂದರಲ್ಲಿ ಬ್ರಹ್ಮ. ಹುನಗುಂದ ತಾಲ್ಲೂಕಿನ 19 ವರ್ಷದ ಒಬ್ಬ ಹುಡುಗ ಅದರ ಮುಂದೆ ನಿಂತವನು ಅಲ್ಲಾಡಲೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದ: 'ಸರ್ರ, ಇದು ನಮ್ಮೂರ ಬಾಜೂಕಿಂದು. ನನಗಿಂತ ಮದ್ಲ ಮುಂಬೈಗೆ ಬಂದೈತ್ರಿ.'

ಎಲ್ಲರೂ ನಕ್ಕೆವು. ಹೊರಗೆ ಬಂದು ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಅವನೇ ಇನ್ನೊಂದು ಪ್ರಶ್ನೆ ಕೇಳಿದ. ಇಷ್ಟು ದೊಡ್ಡ ಕಟ್ಟಡ ಯಾರು ಕಟ್ಟಿಸಿದರು, ರೊಕ್ಕ ಯಾರದು?

ಒಳ್ಳೆಯ ಪ್ರಶ್ನೆ. ಇದಕ್ಕೆ ಅಡಿಗಲ್ಲು ಬಿದ್ದದ್ದು 1905ರ ನವೆಂಬರಿನಲ್ಲಿ, ವೇಲ್ಸಿನ ರಾಜಕುಮಾರನ ಕೈಯಿಂದ. ಆದರೆ ರಾಜಕುಮಾರ ಕಲ್ಲು ಇಟ್ಟು ಹೋದ ಅಷ್ಟೆ. ಸರಕಾರ ಕೊಟ್ಟಿತು, ಮುನಿಸಿಪಾಲಿಟಿ ಕೊಟ್ಟಿತು, ಊರಿನ ಸೇಟುಗಳು ಕೊಟ್ಟರು. ಗಿರಣಿಗಳ ಮಾಲೀಕರಾಗಿದ್ದ ಸರ್ ಕರೀಂಭಾಯ್ ಇಬ್ರಾಹಿಂ ಒಬ್ಬರೇ 3 ಲಕ್ಷ ಕೊಟ್ಟರು. ಆ ಕಾಲದ 3 ಲಕ್ಷ! ಪಾರ್ಸಿ ಶ್ರೀಮಂತ ಸರ್ ಕಾವಸ್ಜಿ ಜಹಾಂಗೀರ್ 50 ಸಾವಿರ ಕೊಟ್ಟರು. ಕಟ್ಟಡ 1914ಕ್ಕೆ ಮುಗಿಯಿತು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಅದು ಮಿಲಿಟರಿ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರಲ್ಲಿ. ಒಳಗೆ ಇಡುವುದಕ್ಕೆ ಸಾಮಾನು ಬೇಕಲ್ಲ, ಅದನ್ನೂ ಸೇಟುಗಳ ಮನೆಗಳೇ ಕೊಟ್ಟವು. ಸರ್ ರತನ್ ಟಾಟಾ ಮತ್ತು ಅವರ ಅಣ್ಣ ಸರ್ ದೊರಾಬ್ ಟಾಟಾ ಜೀವಮಾನವಿಡೀ ಕೂಡಿಟ್ಟ ಚಿತ್ರಗಳು, ಚೀನಾ ಜಪಾನಿನ ಪಿಂಗಾಣಿ ಎಲ್ಲ ಅಲ್ಲಿಗೇ ಬಂದವು.

ಹುಡುಗ ತಲೆದೂಗಿದ. ನನಗೆ ಮಾತ್ರ ಇನ್ನೊಂದು ಪ್ರಶ್ನೆ ಹೊಳೆಯಿತು. ಕೊಟ್ಟವರ ಹೆಸರು ಗೋಡೆಯ ಮೇಲಿರುತ್ತದೆ. ಹೋಗಿ ಕೇಳಿದವರು ಯಾರು?

ಬೈಕಲಾದಲ್ಲಿ, ಪ್ರಾಣಿಸಂಗ್ರಹಾಲಯ ಇರುವ ರಾಣಿಬಾಗಿನ ಪಕ್ಕದ ಮ್ಯೂಸಿಯಂ ಇದಕ್ಕಿಂತ ಹಳೆಯದು. ಅದರ ಕಥೆ ಕೇಳಿದರೆ ನಮ್ಮಂಥ ಸಣ್ಣ ಸಂಘದವರಿಗೆ ಧೈರ್ಯ ಬರುತ್ತದೆ. ಮೊದಲು ಆ ಸಂಗ್ರಹ ಇದ್ದದ್ದು ಫೋರ್ಟಿನ ಒಂದು ಬ್ಯಾರಕ್ಕಿನಲ್ಲಿ. 1857ರ ದಂಗೆಯ ಗಡಿಬಿಡಿಯಲ್ಲಿ ಸೈನ್ಯಕ್ಕೆ ಜಾಗ ಬೇಕಾಯಿತು. ಸಾಮಾನುಗಳನ್ನು ಅವಸರದಲ್ಲಿ ಹೊರಹಾಕಿದರು, ಎಷ್ಟೋ ಹಾಳಾದವು. ಆಗ ಮೂವರು ಕೂಡಿ ಹೊಸ ಕಟ್ಟಡಕ್ಕೆ ಚಂದಾ ಎತ್ತಲು ಹೊರಟರು. ಒಬ್ಬರು ಜಾರ್ಜ್ ಬರ್ಡ್‌ವುಡ್ ಎಂಬ ಇಂಗ್ಲಿಷ್ ಡಾಕ್ಟರು. ಇನ್ನೊಬ್ಬರು ಊರಿಗೇ ದೊಡ್ಡ ಸಾಹುಕಾರ ಜಗನ್ನಾಥ ಶಂಕರಶೇಟ್. ಮೂರನೆಯವರು ಡಾ. ಭಾವು ದಾಜಿ ಲಾಡ್. ಗೋವಾ ಕಡೆಯ ಬಡ ಮನೆಯಿಂದ ಬಂದು ಡಾಕ್ಟರಾದವರು, ಬಡವರಿಗೆ ಪುಕ್ಕಟೆ ಔಷಧ ಕೊಡುತ್ತಿದ್ದವರು.

1862ರಲ್ಲಿ ಅಡಿಗಲ್ಲು ಬಿತ್ತು. ಆಗ ಅಮೆರಿಕದಲ್ಲಿ ಒಳಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ. ಸೇಟುಗಳ ಕೈಯಲ್ಲಿ ದುಡ್ಡೇ ದುಡ್ಡು, ಎಲ್ಲರಿಗೂ ಷೇರಿನ ಹುಚ್ಚು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಕುಸಿಯಿತು, ನಿನ್ನೆಯ ಲಕ್ಷಾಧೀಶ ಇವತ್ತು ದಿವಾಳಿ. ಮ್ಯೂಸಿಯಂ ಕೆಲಸವೂ ನಡುವೆ ನಿಂತಿತು. ಕೊನೆಗೆ ಸರಕಾರವೇ ಕೈಹಾಕಿ ಮುಗಿಸಬೇಕಾಯಿತು. 1872ರಲ್ಲಿ ಬಾಗಿಲು ತೆರೆಯಿತು. ಇಟ್ಟ ಹೆಸರು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ.

ನೂರ ಮೂರು ವರ್ಷ ಆದ ಮೇಲೆ, 1975ರಲ್ಲಿ, ಆ ಹೆಸರು ತೆಗೆದು ಡಾ. ಭಾವು ದಾಜಿ ಲಾಡ್ ಅವರ ಹೆಸರಿಟ್ಟರು. ನೋಡಿ, ಮನೆಮನೆಗೆ ಹೋಗಿ ಕೇಳಿದವರ ಹೆಸರು! ನನಗಂತೂ ಇದು ತುಂಬಾ ಇಷ್ಟವಾದ ಸಂಗತಿ. ಚಂದಾ ಪುಸ್ತಕ ಹಿಡಿದು ನಾಚುತ್ತಾ ಬಾಗಿಲು ತಟ್ಟುವ ಕಾರ್ಯದರ್ಶಿಗಳೆಲ್ಲ ಒಮ್ಮೆ ಬೈಕಲಾಕ್ಕೆ ಹೋಗಿ ಬರಬೇಕು.

ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ವಿಷಯವಂತೂ ನಮ್ಮ ಮನೆಯದ್ದೇ. 1952ರಲ್ಲಿ ಅದನ್ನು ಕಟ್ಟಿಸಿಕೊಟ್ಟವರು ಇನ್ನೊಬ್ಬ ಸರ್ ಕಾವಸ್ಜಿ ಜಹಾಂಗೀರ್, ತೀರಿಹೋದ ಮಗ ಜಹಾಂಗೀರನ ನೆನಪಿಗೆ. ಚಿತ್ರಕಾರರಿಗೆ ಒಂದು ಜಾಗ ಕಟ್ಟಿಸಿ ಅಂತ ಅವರನ್ನು ಒತ್ತಾಯಿಸಿದವರು ಇಬ್ಬರು. ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹೆಬ್ಬಾರರು! ಅವರು ಚಿತ್ರ ಕಲಿತದ್ದು, ಆಮೇಲೆ ಕಲಿಸಿದ್ದು ಇದೇ ಊರಿನ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ. ಆ ಶಾಲೆ ಎದ್ದದ್ದು ಸರ್ ಜಮ್‌ಶೇಟ್‌ಜಿ ಜೀಜಿಭಾಯ್ ಕೊಟ್ಟ 1 ಲಕ್ಷ ರೂಪಾಯಿಯಿಂದ. ಒಬ್ಬ ಸೇಟು ಕಟ್ಟಿಸಿದ ಶಾಲೆಯಲ್ಲಿ ಕಲಿತ ನಮ್ಮೂರ ಹುಡುಗ, ಮುಂದೆ ಇನ್ನೊಬ್ಬ ಸೇಟಿನ ಬಳಿ ಹೋಗಿ ಊರಿಗೆಲ್ಲ ಆಗುವಂಥದ್ದು ಕೇಳಿದ.

ಇಷ್ಟು ಹೇಳಿ ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಜೀಜಿಭಾಯ್ ಆಗಲಿ, ಬೈಕಲಾ ಮ್ಯೂಸಿಯಂ ಮುಂದಿನ ಗಡಿಯಾರ ಗೋಪುರ ಕಟ್ಟಿಸಿದ ಡೇವಿಡ್ ಸಸೂನ್ ಆಗಲಿ, ಅವರ ಗಳಿಕೆಯಲ್ಲಿ ಚೀನಾಕ್ಕೆ ಹೋದ ಅಫೀಮಿನ ಪಾಲು ದೊಡ್ಡದು. ಮಕ್ಕಳು ಇದನ್ನು ಕೇಳುತ್ತಾರೆ. ನಾವು ಹೌದು ಅಂತಲೇ ಹೇಳುತ್ತೇವೆ. ಆ ದುಡ್ಡಿನಿಂದಲೇ ಆಸ್ಪತ್ರೆ, ಶಾಲೆ ಎಲ್ಲ ಆದದ್ದೂ ಹೌದು. ಎರಡನ್ನೂ ಹೇಳಿ ಸುಮ್ಮನಾಗುತ್ತೇವೆ, ತೀರ್ಮಾನ ಅವರಿಗೇ ಬಿಟ್ಟದ್ದು.

ಈಗ ನಮ್ಮ ಟ್ರಂಕಿನ ವಿಷಯ.

ಬೈಕಲಾ ಮ್ಯೂಸಿಯಂನಲ್ಲಿ ಮಣ್ಣಿನ ಸಣ್ಣ ಗೊಂಬೆಗಳಿವೆ. ಹಳೆಯ ಬೊಂಬಾಯಿಯ ಜನ, ಅವರ ಉಡುಪು, ಅವರ ಕಸುಬು. ಚಂದ ಇವೆ. ಆದರೆ ಒಂದು ಕೈಯಲ್ಲಿ ನಾಲ್ಕು ಗ್ಲಾಸು ಹಿಡಿದು, ಹೆಗಲಿಗೆ ಒದ್ದೆ ಬಟ್ಟೆ ಹಾಕಿಕೊಂಡ ಹುಡುಗ ಅಲ್ಲಿಲ್ಲ. ಅವನು ಆಮೇಲೆ ಬಂದವನು, ಅದು ಅವರ ತಪ್ಪಲ್ಲ. ಅವನನ್ನು ನೆನಪಿಡುವುದು ನಮ್ಮ ಕೆಲಸ. ನಾವು ಮಾಡಿಲ್ಲ.

ಮಾಡಲು ಹೊರಟದ್ದು ಒಮ್ಮೆ ನೀರಿನ ಪಾಲಾಯಿತು. ಶಾಲೆಯ ಹಳೆ ಹಾಜರಿ ಪುಸ್ತಕಗಳು, ಹುಡುಗರ ಕೈಬರಹದ ಪತ್ರಿಕೆಗಳನ್ನು ಕುರ್ಲಾದಲ್ಲಿ ನಮ್ಮ ಸದಸ್ಯರೊಬ್ಬರ ಕೋಣೆಯಲ್ಲಿ ಇಟ್ಟಿದ್ದೆವು. ಕೆಳ ಅಂತಸ್ತು. 2005ರ ಜುಲೈ 26. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಮೂರನೇ ದಿನ ಬಾಗಿಲು ತೆಗೆದಾಗ ಪುಸ್ತಕಗಳೆಲ್ಲ ದೋಸೆ ಹಿಟ್ಟು. ಅಟ್ಟದ ಮೇಲಿದ್ದ 22 ಹಾಜರಿ ಪುಸ್ತಕಗಳು ಮಾತ್ರ ಉಳಿದವು. ಅಲ್ಲಿಡಿ ಅಂದ ಸದಸ್ಯರ ಹೆಂಡತಿಗೆ ನಾವು ಇವತ್ತಿಗೂ ಕೈಮುಗಿಯುತ್ತೇವೆ.

ಆಮೇಲೆ ಹದಿನೈದು ವರ್ಷ ಯಾರೂ ಮಾತೆತ್ತಲಿಲ್ಲ. ಎರಡು ವರ್ಷದ ಹಿಂದೆ ಮಾಟುಂಗಾದಿಂದ ಒಬ್ಬ ಅಜ್ಜಿ ಟ್ಯಾಕ್ಸಿ ಮಾಡಿಕೊಂಡು ಶಾಲೆಗೆ ಬಂದರು. ಡಿಕ್ಕಿಯಲ್ಲಿ ಗಂಡನ ಟ್ರಂಕು. 'ಮಗ ಸೊಸೆ ಫ್ಲ್ಯಾಟ್ ಖಾಲಿ ಮಾಡ್ತಾ ಇದ್ದಾರೆ. ಇದನ್ನು ಬಿಸಾಡ್ಲಿಕ್ಕೆ ಮನಸ್ಸು ಬರೂದಿಲ್ಲ ಮಾರಾಯ, ನೀವಾದ್ರೂ ಇಟ್ಕೊಳ್ಳಿ' ಅಂದರು. ತೆಗೆದು ನೋಡಿದರೆ ಒಳಗೆ ಊರಿಗೆ ಕಳಿಸಿದ ಮನಿ ಆರ್ಡರುಗಳ ರಸೀದಿ, ದಾರ ಕಟ್ಟಿ ಜೋಡಿಸಿದ್ದು. ಮೊದಲನೆಯದು 5 ರೂಪಾಯಿಯದು. ನಮ್ಮ ಖಜಾಂಚಿ ಜಾಸ್ತಿ ಮಾತಾಡುವವರಲ್ಲ. ಅವತ್ತು ಅವರೇ 'ಒಂದು ಕೋಣೆ ಮಾಡುವ' ಅಂದರು.

ಈಗ 11 ಟ್ರಂಕುಗಳು ಬಂದಿವೆ. ಹೆಸರು ಕೊರೆದ ಅಲ್ಯೂಮಿನಿಯಂ ತಟ್ಟೆಗಳು, ಊಟದ ಹಿತ್ತಾಳೆ ಟೋಕನ್ನು, ಇಡ್ಲಿ ವಡೆಯ ರೇಟು ಬರೆದ ಕಪ್ಪು ಹಲಗೆ, ಒಂದು ಹಳೆ ಗಲ್ಲಾಪೆಟ್ಟಿಗೆ, ಎರಡು ಯಕ್ಷಗಾನದ ಕಿರೀಟ. ಸಂಘದ ಕಟ್ಟಡದ ಎರಡನೇ ಮಹಡಿಯಲ್ಲಿ 400 ಚದರಡಿಯ ಒಂದು ಕೋಣೆ ಬಾಡಿಗೆ ಇಲ್ಲದೆ ಸಿಕ್ಕಿದೆ. ಈ ಸಲ ನೆಲ ಅಂತಸ್ತು ಬೇಡ ಅಂತ ಎಲ್ಲರೂ ಒಟ್ಟಿಗೆ ಕೂಗಿದ್ದೆವು.

ಖರ್ಚಿನ ಲೆಕ್ಕ ಹೀಗಿದೆ. ಗಾಜಿನ ಕಪಾಟುಗಳಿಗೆ 2 ಲಕ್ಷ 75 ಸಾವಿರ. ವಯರಿಂಗ್ ಮತ್ತು ಗಾಳಿಯ ತೇವ ಹೀರುವ ಯಂತ್ರಕ್ಕೆ 1 ಲಕ್ಷ 60 ಸಾವಿರ. ಮುಂಬಯಿ ಮಳೆಗಾಲ ನಿಮಗೆ ಗೊತ್ತಲ್ಲ, ಕಾಗದಕ್ಕೆ ಬೂಸ್ಟು ಹಿಡಿಯಲು ಒಂದು ವಾರ ಸಾಕು. 22 ಹಾಜರಿ ಪುಸ್ತಕ ಮತ್ತು ರಸೀದಿಗಳನ್ನು ತಿಳಿದವರ ಕೈಯಲ್ಲಿ ಸರಿ ಮಾಡಿಸಿ, ಸ್ಕ್ಯಾನ್ ಮಾಡಿಸಲು 1 ಲಕ್ಷ 40 ಸಾವಿರ. ಹಳಬರ ಮಾತನ್ನು ರೆಕಾರ್ಡ್ ಮಾಡಿ, ಬರೆದಿಡಲು 1 ಲಕ್ಷ 25 ಸಾವಿರ. ಇದನ್ನು ಬೇಗ ಮಾಡಬೇಕು, ಪಟ್ಟಿಯಲ್ಲಿದ್ದ ಇಬ್ಬರು ಈ ವರ್ಷವೇ ಹೋದರು. ಉಳಿದ 2 ಲಕ್ಷ, ಕೋಣೆ ತೆರೆದು ಗುಡಿಸಿ ನೋಡಿಕೊಳ್ಳುವವರಿಗೆ ಮೂರು ವರ್ಷದ ಸಂಬಳ.

ಈ ಕೊನೆಯ ಬಾಬತ್ತಿನ ಬಗ್ಗೆ ಮೀಟಿಂಗಿನಲ್ಲಿ ಜಗಳವಾಯಿತು. ಕಪಾಟಿಗೆ ದುಡ್ಡು ಕೊಡುವವರಿದ್ದಾರೆ, ಗುಡಿಸುವವರ ಸಂಬಳಕ್ಕೆ ಯಾರು ಕೊಡುತ್ತಾರೆ ಅಂತ. ನಾನು ಮತ್ತೆ ಬೈಕಲಾದ ಕಥೆಗೇ ಹೋದೆ. ಅಷ್ಟು ದೊಡ್ಡ ಮ್ಯೂಸಿಯಂ ನೋಡಿಕೊಳ್ಳುವವರಿಲ್ಲದೆ ಬಣ್ಣ ಕಿತ್ತು, ನೀರು ಸೋರಿ, ಹೇಳುವಂತಿಲ್ಲದ ಸ್ಥಿತಿಗೆ ಬಂದಿತ್ತು. ಮಹಾನಗರಪಾಲಿಕೆ, ಹಳೆ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಸೇರಿ ವರ್ಷಗಟ್ಟಲೆ ದುರಸ್ತಿ ಮಾಡಿ 2008ರಲ್ಲಿ ಮತ್ತೆ ತೆರೆದರು. ಮತ್ತೆ ಒಬ್ಬ ವ್ಯಾಪಾರಿಯ ಮನೆತನದ ದುಡ್ಡೇ ಬೇಕಾಯಿತು. ನಮ್ಮನ್ನು ಎತ್ತಲು ಯಾವ ಬಜಾಜರು ಬರುತ್ತಾರೆ? ಅದಕ್ಕೆ ಗುಡಿಸುವವರ ಸಂಬಳ ಮೊದಲೇ ಎತ್ತಿಡುತ್ತೇವೆ.

ಇನ್ನೊಂದು ಜಗಳವೂ ಆಯಿತು. 5 ಲಕ್ಷ ಕೊಟ್ಟವರ ಹೆಸರನ್ನು ಕೋಣೆಗೆ ಇಡೋಣ ಅಂತ ಒಬ್ಬರು ಅಂದರು. ತಪ್ಪಿಲ್ಲ, ಎಲ್ಲ ಕಡೆ ಹಾಗೇ ನಡೆಯುತ್ತದೆ. ಆದರೆ ಆ 5 ರೂಪಾಯಿ ಮನಿ ಆರ್ಡರಿನ ರಸೀದಿ ಮೇಜಿನ ಮೇಲೇ ಇತ್ತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಕೊಟ್ಟವರೆಲ್ಲರ ಹೆಸರು ಒಂದೇ ಪುಸ್ತಕದಲ್ಲಿ, ಅ ಆ ಇ ಈ ಕ್ರಮದಲ್ಲಿ, ಹೆಸರಿನ ಮುಂದೆ ಮೊತ್ತ ಬರೆಯುವುದಿಲ್ಲ. ಅಮೃತಶಿಲೆ ಫಲಕ ಬೇಕೇ ಬೇಕು ಅನ್ನುವವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹೋಟೆಲ್ ಮಾಲೀಕರಾದ ಹಳೆ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಒಂದು ದಿನದ ಗಲ್ಲಾ ಕೇಳುತ್ತಿದ್ದೇವೆ. ಯಾವ ದಿನದ್ದು ಅಂತ ನೀವೇ ಆರಿಸಿ. ಸೋಮವಾರ ಆರಿಸಿದರೂ ನಮಗೆ ಅರ್ಥವಾಗುತ್ತದೆ. ಉಳಿದವರು 500 ಕೊಟ್ಟರೂ ಸಂತೋಷ, 50 ಕೊಟ್ಟರೂ ರಸೀದಿ ಇದೆ. ನಮ್ಮ ಟ್ರಸ್ಟಿಗೆ 80ಜಿ ನೋಂದಣಿ, ಅಂದರೆ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ ಇದೆ. 2,000 ರೂಪಾಯಿಗಿಂತ ಹೆಚ್ಚು ಕೊಡುವವರು ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ಮೂಲಕ ಕೊಡಿ, ನಗದಾದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದುಬೈ, ಮಸ್ಕತ್ತಿನಲ್ಲಿರುವವರು ಭಾರತದ ಪಾಸ್‌ಪೋರ್ಟ್ ಇದ್ದರೆ ತಮ್ಮ ಇಲ್ಲಿನ ಖಾತೆಯಿಂದ ಕಳಿಸಬಹುದು. ಬೇರೆ ದೇಶದ ಪೌರರಾದವರ ಹಣ ತೆಗೆದುಕೊಳ್ಳಲು ನಮಗೆ ಅನುಮತಿ ಇಲ್ಲ, ಕ್ಷಮಿಸಿ. ಖಾತೆಯ ವಿವರ ಶಾಲೆಯ ಕಚೇರಿಯಲ್ಲಿ ಸಂಜೆ 6ರಿಂದ 9ರವರೆಗೆ ಸಿಗುತ್ತದೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ನಂಬರಿಗೆ ದುಡ್ಡು ಹಾಕಬೇಡಿ.

ದುಡ್ಡು ಬೇಡ, ವಸ್ತು ಕೊಡುತ್ತೇವೆ ಅನ್ನುವವರಿಗೂ ಸ್ವಾಗತ. ಹಳೆ ಫೋಟೋ, ಪತ್ರ, ಪಾಸ್‌ಬುಕ್, ಸೌಟು, ಏನಿದ್ದರೂ ತನ್ನಿ. ಅದು ಯಾರದು, ಯಾವ ಹೋಟೆಲಿನದು, ಯಾವ ವರ್ಷದ್ದು ಅಂತ ಗೊತ್ತಿದ್ದಷ್ಟು ಒಂದು ಚೀಟಿಯಲ್ಲಿ ಬರೆದು ತನ್ನಿ. ಚೀಟಿ ಇಲ್ಲದಿದ್ದರೆ ಅದು ಬರೀ ಗುಜರಿ ಸಾಮಾನು.

ಹಾಂ, ಗಿರಗಾಂವಿನ ಒಂದು ಹೋಟೆಲ್ ಮುಚ್ಚುವಾಗ ಅವರ ರುಬ್ಬುವ ಕಲ್ಲು ಕೊಟ್ಟರು. ಅದು ಇನ್ನೂ ಕೆಳಗೆ ಮೆಟ್ಟಿಲ ಹತ್ತಿರವೇ ಕೂತಿದೆ. ಲಿಫ್ಟಿನವನು ಒಪ್ಪುತ್ತಿಲ್ಲ. ಎರಡು ಮಹಡಿ ಹತ್ತಿಸಲು ಗಟ್ಟಿ ಆಳು ಆರು ಜನ ಬೇಕು. ಭಾನುವಾರ ಬೆಳಿಗ್ಗೆ ಬರುವವರು ಮೊದಲೇ ತಿಳಿಸಿ, ತಿಂಡಿಯ ವ್ಯವಸ್ಥೆ ಮಾಡುತ್ತೇವೆ.

ನಿಮ್ಮವನೇ ಆದ,
ಕಾರ್ಯದರ್ಶಿ, ರಾತ್ರಿ ಶಾಲೆಯ ಹಳೆ ವಿದ್ಯಾರ್ಥಿಗಳ ಟ್ರಸ್ಟ್
ಮುಂಬಯಿ